ಕಾರ್ಬನ್ ಪ್ರತಿ

ನಿಮ್ಮ ಶವಪೆಟ್ಟಿಗೆಯ ಹಿಂದೆ ಏಳೇ ಜನ, ಸಂಗಾತಿ ಸ್ಕುದ್ರಾ.
ಎಣಿಸಿದೆ. ಎಣಿಸುವುದು ನನ್ನ ಹಳೆಯ ಚಾಳಿ.
ವಾಲಗವಿಲ್ಲ, ಕೆಂಪು ಬಟ್ಟೆಯಿಲ್ಲ;
ರೀಗಾದ ಈ ಕಾಡುಸ್ಮಶಾನದಲ್ಲಿ ಪೈನ್ ಮರಗಳು ಮಾತ್ರ
ಅಧಿವೇಶನದ ಪ್ರತಿನಿಧಿಗಳಂತೆ ಎದ್ದು ನಿಂತಿವೆ,
ಚಪ್ಪಾಳೆ ಮರೆತು.

ಸ್ಕುದ್ರಾ ಎಂದರೆ ನಮ್ಮ ಮಾತಿನಲ್ಲಿ ಇರುವೆ.
ಕುರ್ಜೆಮೆಯ ಬ್ಯಾರನ್ನನ ಕೊಟ್ಟಿಗೆ ಹಿಂದೆ ಹುಟ್ಟಿದ ಇರುವೆ.
ಸಾವಿರದೊಂಬೈನೂರ ಐದರಲ್ಲಿ ಅಪ್ಪನ ಬೆನ್ನಿಗೆ ಬಿದ್ದ ಬರೆಗಳನ್ನು
ಬೆರಳಲ್ಲಿ ತಡವಿ ತಡವಿ ಅಕ್ಷರ ಕಲಿತೆ
ಎಂದು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದಿರಿ.
ಇಪ್ಪತ್ತೆರಡು ಸಲ ಟೈಪು ಮಾಡಿದ್ದೇನೆ ಆ ಸಾಲನ್ನು.
ಇಪ್ಪತ್ತೆರಡನೆಯ ಸಲವೂ ಗಂಟಲು ಕಟ್ಟಿತ್ತು.

ಆಮೇಲೆ ಕರಪತ್ರ, ಸೆರೆಮನೆ, ಗೋಡೆ ತಟ್ಟಿ ಆಡಿದ ಮಾತು,
ಸಾಯುವವರೆಗೂ ಬಿಡದ ಆ ಕೆಮ್ಮು.
ಒಂದು ಜೂನ್ ತಿಂಗಳು ಸೆರೆಮನೆಯ ಬಾಗಿಲು ತೆರೆಯಿತು,
ಸಚಿವಾಲಯದ ಬಾಗಿಲೂ.
ಬೀದಿಯಲ್ಲಿ ಬೇರೆಯವರ ಟ್ಯಾಂಕುಗಳು ನಿಂತಿದ್ದವು.
ಅದನ್ನು ಮಾತ್ರ ನನ್ನಿಂದ ಯಾವತ್ತೂ ಟೈಪು ಮಾಡಿಸಲಿಲ್ಲ ನೀವು.

ಯುದ್ಧ ಮುಗಿದು ನಾನು ಬಂದಾಗ ನನಗೆ ಹತ್ತೊಂಬತ್ತು.
ಯಂತ್ರದಲ್ಲಿ ದೀರ್ಘದ ಗೆರೆ ಮುರಿದಿತ್ತು.
"ಪರವಾಗಿಲ್ಲ, ಕೈಯಲ್ಲಿ ಎಳೆ ಮಗಳೇ," ಎಂದಿರಿ,
"ನಮ್ಮ ಭಾಷೆಗೆ ಉಸಿರು ಎಳೆಯುವ ಅಭ್ಯಾಸ."
ಆ ಹೊತ್ತಿಗೆ ನಿಮ್ಮನ್ನು ನಂಬಿಬಿಟ್ಟೆ.

ನಲವತ್ತೊಂಬತ್ತರ ಮಾರ್ಚ್. ಹಿಮ ಕರಗಿ ಕೆಸರು.
ಪಟ್ಟಿ ಬಂತು. ಹೊಲವಿದ್ದವರು, ಹಸುವಿದ್ದವರು,
ಯಾರೋ ಮುನಿಸಿಕೊಂಡಿದ್ದವರು.
ನೀವು ಇಡೀ ರಾತ್ರಿ ಪೆನ್ಸಿಲ್ ಹಿಡಿದು ಕೂತಿರಿ.
ಬೆಳಗಿನ ಜಾವ ಒಂದೇ ಒಂದು ಹೆಸರು ಹೊಡೆದುಹಾಕಿದಿರಿ.
ಸೆರೆಮನೆಯಲ್ಲಿದ್ದಾಗ ನಿಮಗೆ ರೈ ರೊಟ್ಟಿ ತಂದಿತ್ತವಳಂತೆ.
ಸಂಖ್ಯೆ ಕಮ್ಮಿಯಾಗುವಂತಿರಲಿಲ್ಲ.
"ಇನ್ನೊಂದು ಸೇರಿಸು," ಎಂದು ಕಿಟಕಿ ಕಡೆ ತಿರುಗಿದಿರಿ.
ಯಾವುದು ಅಂತ ಹೇಳಲಿಲ್ಲ.

ನಾನು ಸೇರಿಸಿದೆ.
ಒತೀಲಿಯಾ. ನಮ್ಮ ಬೀದಿಯಲ್ಲಿ ಹಾಲು ಅಳೆಯುತ್ತಿದ್ದವಳು,
ಅಮ್ಮನಿಗೆ ಒಮ್ಮೆ ಬೈದಿದ್ದಳು.
ಮೂರು ಪ್ರತಿ. ಬೆರಳಿಗೆ ನೀಲಿ ಹತ್ತಿತು.
ದನದ ಡಬ್ಬಿಗಳಿದ್ದ ರೈಲು ಸೈಬೀರಿಯಾಕ್ಕೆ ಹೋದ ದಿನ
ನೀವು ಊಟ ಮಾಡಲಿಲ್ಲ. ನಾನು ಮಾಡಿದೆ, ಹಸಿವಾಗಿತ್ತು.

ಏಳು ವರ್ಷದ ಮೇಲೆ ಬಂದಳು.
ಊರಲ್ಲಿರಲು ಅಪ್ಪಣೆ ಚೀಟಿ ಬೇಕಿತ್ತು ಅವಳಿಗೆ.
ಕೈಗಳು ಕಿತ್ತ ಬೇರಿನ ಹಾಗೆ.
ನೀವು ಗುರುತಿಸಲಿಲ್ಲ, ಗುರುತೇನಿತ್ತು ನಿಮಗೆ?
"ಕೂರಲಿಕ್ಕೆ ಕುರ್ಚಿ ಕೊಡು," ಎಂದಿರಿ, ಸಹಿ ಹಾಕಿದಿರಿ.
ಅವಳು ನನಗೆ ಕೈಮುಗಿದಳು. ನನಗೆ.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಅನ್ನುತ್ತಾರೆ.
ಇರುವೆ ಕಟ್ಟಿದ್ದು?
ಐವತ್ತೊಂಬತ್ತರಲ್ಲಿ ನಿಮ್ಮ ಸರದಿ.
ಇಲ್ಲಿ ಕುರ್ಚಿಯಲ್ಲಿ ಕೂರುವವನು ಎರಡು ವರ್ಷದಲ್ಲಿ
ಇಲ್ಲಿಯ ಮಾತು ಕಲಿಯಲಿ ಅಂದಿರಿ, ಅಷ್ಟೇ ಅಪರಾಧ.
ನಿಮ್ಮ ತಪ್ಪೊಪ್ಪಿಗೆಯನ್ನೂ ನಾನೇ ಹೊಡೆದೆ, ಹನ್ನೊಂದು ಹಾಳೆ,
ರಷ್ಯನ್ ಅಕ್ಷರದ ಯಂತ್ರದಲ್ಲಿ. ಎಳೆಯಲು ಗೆರೆಯೇ ಇರಲಿಲ್ಲ.

ಲಿಯೆಪಾಯಾದ ಮೀನಿನ ಡಬ್ಬಿ ಕಾರ್ಖಾನೆಗೆ ಮ್ಯಾನೇಜರ್ ಮಾಡಿದರು.
ಪ್ರತಿ ಜೂನ್, ಹಬ್ಬದ ಹೆಸರೆತ್ತಬಾರದ ಆ ವರ್ಷಗಳಲ್ಲೂ,
ನಿಮ್ಮಿಂದ ಒಂದು ಪೊಟ್ಟಣ ಬರುತ್ತಿತ್ತು:
ಸೋಂಪಿನ ಕಾಳು ಹಾಕಿದ ದುಂಡನೆ ಗಿಣ್ಣು,
ಪಕ್ಷದ ಪತ್ರಿಕೆಯಲ್ಲಿ ಸುತ್ತಿದ್ದು.
ಸಂಪಾದಕೀಯಕ್ಕೆಲ್ಲ ಮೀನಿನ ವಾಸನೆ.

ಮೊನ್ನೆ ಮೊನ್ನೆ ಕ್ರೇನ್ ತಂದು ಪ್ರತಿಮೆ ಇಳಿಸಿದರಲ್ಲ,
ಜನರ ನಡುವೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದಿರಿ.
ಗೌರವಕ್ಕೋ, ಸೆಕೆಗೋ,
ಕೇಳಬೇಕೆನಿಸಿತು, ಕೇಳಲಿಲ್ಲ.
ನೀವೂ ಯಾವತ್ತೂ ಕೇಳಲಿಲ್ಲ
ಆ ರಾತ್ರಿ ಯಾರ ಹೆಸರು ಸೇರಿಸಿದೆ ಎಂದು.

ಗುಂಡಿಗೆ ಮೂರು ಹಿಡಿ ಮರಳು ಹಾಕುವುದು ನಮ್ಮಲ್ಲಿ ಪದ್ಧತಿ.
ಎರಡು ಹಾಕಿದ್ದೇನೆ.
ಮೂರನೆಯದು ಕೋಟಿನ ಜೇಬಿನಲ್ಲಿದೆ, ಒದ್ದೆಯಾಗಿ.
ಯೆಲ್ಗಾವಾಕ್ಕೆ ಬೆಳಗ್ಗೆ ಏಳೂವರೆಗೆ ಒಂದು ರೈಲಿದೆ.
ಅವಳನ್ನು ಮಣ್ಣು ಮಾಡಿದ್ದು ಅಲ್ಲಿ,
ಗುರುತಿಗೆ ಕಲ್ಲೂ ಇಲ್ಲ ಎನ್ನುತ್ತಾರೆ.
ಹುಡುಕಬೇಕು.